ಹಳೆ ವ್ಯಾಗನ್ ಆರ್‌ಗೆ 38,000 ಹಾಕುವುದಾ, ಮಾರುವುದಾ?

ಪ್ರಶ್ನೆ:
ನಮಸ್ಕಾರ ಅಣ್ಣ. ನನ್ನದು 2011ರ ಪೆಟ್ರೋಲ್ ವ್ಯಾಗನ್ ಆರ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮನೆ ಮಲ್ಪೆ ಹತ್ತಿರ, ದಿನಾ ಮಣಿಪಾಲಕ್ಕೆ ಓಡಾಟ. ಗ್ಯಾರೇಜಿನವರು ಎಸ್ಟಿಮೇಟ್ ಕೊಟ್ಟಿದ್ದಾರೆ. ಕ್ಲಚ್ 7,000, ಮುಂದಿನ ಶಾಕ್ ಅಬ್ಸಾರ್ಬರ್ ಎರಡಕ್ಕೆ 6,500, ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಬಾಡಿಗೆ ಜೋಡಿಸುವ ತೋಳು) 4,000, ರೇಡಿಯೇಟರ್ 5,500, ರನ್ನಿಂಗ್ ಬೋರ್ಡಿನ (ಬಾಗಿಲ ಕೆಳಗಿನ ಉದ್ದ ಪಟ್ಟಿ) ತುಕ್ಕಿನ ಕೆಲಸ 15,000. ಒಟ್ಟು 38,000! ಇಂಜಿನ್ ಚೆನ್ನಾಗಿಯೇ ಉಂಟು. ಏನು ಮಾಡಲಿ?

ಉತ್ತರ:
ಅಕ್ಕ, ಗಡಿಬಿಡಿ ಮಾಡಬೇಡಿ. ಎಲ್ಲವನ್ನೂ ಒಂದೇ ದಿನ ಮಾಡಿಸಬೇಕಾಗಿಲ್ಲ.

ಮೊದಲು ತುಕ್ಕು ನೋಡಿ. ನಮ್ಮ ಕರಾವಳಿಯಲ್ಲಿ ಇಂಜಿನ್ ಸಾಯುವ ಮೊದಲು ಬಾಡಿ ಸಾಯುತ್ತದೆ. ಉಪ್ಪಿನ ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಒಂದು ಸ್ಕ್ರೂಡ್ರೈವರ್ ತಗೊಂಡು ರನ್ನಿಂಗ್ ಬೋರ್ಡಿನ ಅಡಿ, ಜಾಕ್ ಇಡುವ ಜಾಗ, ಮ್ಯಾಟಿನ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಎಲ್ಲ ಕಡೆ ಹಿಡಿಯಿಂದ ಬಡಿದು ನೋಡಿ. ಟಣ್ ಅಂದರೆ ಗಟ್ಟಿ. ಮೆತ್ತಗೆ ಶಬ್ದ ಬಂದರೆ ತುದಿಯಿಂದ ಒತ್ತಿ. ಒಳಗೆ ಹೋದರೆ ತಗಡು ಕೊಳೆತಿದೆ ಅಂತ ಅರ್ಥ. ಲೋವರ್ ಆರ್ಮ್ ಕೂರುವ ಜಾಗವೇ ಕೊಳೆತಿದ್ದರೆ ದಯವಿಟ್ಟು ಆ ಗಾಡಿಗೆ ದುಡ್ಡು ಸುರಿಯಬೇಡಿ.

ಬಾಡಿ ಗಟ್ಟಿ ಇದ್ದರೆ ಮೊದಲು ರೇಡಿಯೇಟರ್ ಮಾಡಿಸಿ, ಅದು ಸೋರುತ್ತಿದ್ದರೆ ಕಾಯಬೇಡಿ. ಒಮ್ಮೆ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಒಳಗಿನ ಸೀಲ್) ಹೋದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಕೂಲಂಟ್ ಜಾಗದಲ್ಲಿ ಬಾವಿ ನೀರು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಎಷ್ಟೋ ರೇಡಿಯೇಟರ್‌ಗಳು ಅದರಿಂದಲೇ ಹಾಳಾಗಿ ನನ್ನ ಗ್ಯಾರೇಜಿಗೆ ಬಂದಿವೆ.

ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಅಲ್ಲಾಡುತ್ತಿದ್ದರೆ ಅದೂ ತಕ್ಷಣ. ಶಾಕ್ ಅಬ್ಸಾರ್ಬರ್ ಮೇಲೆ ಆಯಿಲ್ ಇಳಿದ ಗುರುತು ಉಂಟಾ ನೋಡಿ. ಒಣಗಿದ್ದರೆ, ಗುಂಡಿಗೆ ಇಳಿಯುವಾಗ ಟಕ್ ಟಕ್ ಶಬ್ದ ಬಂದರೂ ಅದು ಬರೀ ಚಕ್ರದ ಹತ್ತಿರದ ಸಣ್ಣ ಲಿಂಕ್ ರಾಡ್‌ನದ್ದಿರಬಹುದು. ಅದು ಕಡಿಮೆ ಖರ್ಚಿನ ಕೆಲಸ. ಮಣಿಪಾಲದ ಏರಿನಲ್ಲಿ ಇಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ ಕ್ಲಚ್ ಹೋಗಿದೆ. ಇಲ್ಲದಿದ್ದರೆ ಸದ್ಯ ಇರಲಿ.

ಬದಲಿಸಿದ ಹಳೆ ಪಾರ್ಟ್ ಕೇಳಿ ತಗೊಳ್ಳಿ, ಹೊಸದರ ಡಬ್ಬಿಯ ಎಂಆರ್‌ಪಿ ನೋಡಿ. ಬಾಗಿಲು, ಗ್ಲಾಸ್ ಗುಜರಿಯಿಂದ ತಂದರೆ ತೊಂದರೆ ಇಲ್ಲ. ಬ್ರೇಕ್, ಸ್ಟೀರಿಂಗ್ ಸಾಮಾನು ಮಾತ್ರ ಬೇಡ.

ಇನ್ನೊಂದು ಲೆಕ್ಕ ಉಂಟು. 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಮತ್ತೆ 5 ವರ್ಷಕ್ಕೆ ಮಾಡಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿ ಆಯಿತು. ಹಳೆ ಗಾಡಿಯ ಗ್ರೀನ್ ಟ್ಯಾಕ್ಸ್ ಬೇರೆ. ತಪಾಸಣೆಯಲ್ಲೂ ಪಾಸಾಗಬೇಕು.

ಪ್ರಶ್ನೆ:
ಅಣ್ಣ, ನೋಡಿದೆ. ಎಡಗಡೆ ರನ್ನಿಂಗ್ ಬೋರ್ಡಿನಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಉಳಿದ ಕಡೆ ಟಣ್ ಅಂತು. ಸ್ಟೆಪ್ನಿ ಗುಂಡಿಯಲ್ಲಿ ಮಾತ್ರ ನೀರು ನಿಂತಿತ್ತು.

ಉತ್ತರ:
ಹಾಗಾದರೆ ಮಾರಬೇಡಿ ಅಕ್ಕ. ಅಷ್ಟು ಜಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಮೇಲಿಂದ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಸಿ. ಡಿಕ್ಕಿ ಬಾಗಿಲಿನ ರಬ್ಬರ್ ಬದಲಿಸಿ, ನೀರು ಅಲ್ಲಿಂದಲೇ ಬಂದಿರಬಹುದು. ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದ್ದರೆ ಒಂದು ತಂತಿ ಹಾಕಿ ಬಿಡಿಸಿ. ಜೂನ್ ಬರುವ ಮೊದಲೇ ಮಾಡಿ.