ಅಜ್ಜಿಯ ಲೆಕ್ಕದ ಪುಸ್ತಕ

ಭಾನುವಾರ ಬೆಳಿಗ್ಗೆ ಅತ್ತೆ ನಮ್ಮ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ವಿಶ್ವಾಸಿಯ ಹಣಕ್ಕೆ 7 ನಿಯಮಗಳು.’ ಮೊದಲನೆಯದು, ಹಣವೇ ಎಲ್ಲ ಕೆಟ್ಟದ್ದಕ್ಕೂ ಮೂಲ. ಎರಡನೆಯದು, ಹತ್ತರಲ್ಲಿ ಒಂದು ಭಾಗ, ಅಂದರೆ ದಶಮಾಂಶ, ಕೊಡು, ದೇವರು ನೂರರಷ್ಟು ವಾಪಸ್ ಕೊಡುತ್ತಾನೆ. ಉಳಿದ ಐದನ್ನು ಮೊದಲಿಗೆ ನನ್ನ ತಮ್ಮ ಒಬ್ಬನೇ ಓದಿದ್ದು. ಓದಿರಲಿಲ್ಲ ಅಂತ ಆಮೇಲೆ ಕೇಳಿದಾಗ ಮಿಕ್ಕವರೆಲ್ಲ ಒಪ್ಪಿಕೊಂಡರು, ನಾನೂ ಸೇರಿ.

ಅಲ್ಲಿ ನಡೆದ ಮಾತನ್ನು ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು. ಸಂಬಂಧ ಮಾತ್ರ ಬರೆದಿದ್ದೇನೆ.

ಅತ್ತೆ: ಎಲ್ಲರೂ ತಪ್ಪದೆ ಓದಿ. ಈ ಕಾಲಕ್ಕೆ ತುಂಬಾ ಬೇಕಾದದ್ದು 🙏

ದೊಡ್ಡಪ್ಪ: ಆಮೆನ್. ಈಗಿನ ಮಕ್ಕಳಿಗೆ ಕಂತು ಕಟ್ಟುವುದು ಗೊತ್ತು, ಕಾಣಿಕೆ ಕೊಡುವುದು ಗೊತ್ತಿಲ್ಲ. ಮೊದಲ ಸಂಬಳದಿಂದ ಇವತ್ತಿನವರೆಗೆ ನಾನು ಒಂದು ತಿಂಗಳೂ ದಶಮಾಂಶ ತಪ್ಪಿಸಿಲ್ಲ.

ತಮ್ಮ: ಅತ್ತೆ, ಮೊದಲ ಸಾಲೇ ತಪ್ಪು. ಯಾವ ವಚನ ಅಂತಲೂ ಹಾಕಿಲ್ಲ. ಬೈಬಲಿನ 1 ತಿಮೊಥೆಯ 6:10ರಲ್ಲಿ ಇರುವುದು ಹಣ ಅಲ್ಲ, ಹಣದಾಸೆ.

ಅತ್ತೆ: ಎರಡೂ ಒಂದೇ ಅಲ್ವೇನೋ?

ತಮ್ಮ: ಒಂದೇ ಆಗಿದ್ದರೆ, ಎರಡನೇ ನಿಯಮದಲ್ಲಿ ಆ ಕೆಟ್ಟದ್ದನ್ನೇ ನೂರರಷ್ಟು ಕೊಡುತ್ತೇನೆ ಅಂತ ಆಸೆ ತೋರಿಸುವುದು ಯಾಕೆ?

ದೊಡ್ಡಪ್ಪ: ನೀನು ಸಂಡೇ ಸ್ಕೂಲಿನಲ್ಲೂ ಹೀಗೇ. ಪಾಠಕ್ಕಿಂತ ಪ್ರಶ್ನೆ ಜಾಸ್ತಿ. ಮಲಾಕಿ 3:10 ತೆಗೆದು ಓದು. ದಶಮಾಂಶ ತಂದು ನನ್ನನ್ನು ಪರೀಕ್ಷೆ ಮಾಡಿ ನೋಡಿ ಅಂತ ದೇವರೇ ಹೇಳಿದ್ದಾನೆ.

ತಮ್ಮ: ಓದಿದ್ದೇನೆ ದೊಡ್ಡಪ್ಪ. ಬೆಳೆಯಲ್ಲಿ ಕೊಡುವ ಹತ್ತನೇ ಭಾಗ ಅದು. ಧರ್ಮೋಪದೇಶಕಾಂಡ 14 ನೋಡಿ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ಲೇವಿಯರಿಗೆ (ದೇವರ ಸೇವೆಗೆ ಮೀಸಲಾದ ಕುಲದವರಿಗೆ), ಪರದೇಶಿಗಳಿಗೆ, ತಂದೆ ಇಲ್ಲದ ಮಕ್ಕಳಿಗೆ, ವಿಧವೆಯರಿಗೆ ಹೊಟ್ಟೆ ತುಂಬುವಷ್ಟು ಕೊಡಬೇಕಿತ್ತು. ಅಪೊಸ್ತಲ ಪೌಲನಂತೂ ತನ್ನ ಪತ್ರದಲ್ಲಿ, 2 ಕೊರಿಂಥ 9:7ರಲ್ಲಿ, ಇಷ್ಟೇ ಅಂತ ಲೆಕ್ಕ ಹೇಳಲೇ ಇಲ್ಲ. ಬಲವಂತಕ್ಕೆ ಬೇಡ, ಸಂತೋಷದಿಂದ ಕೊಡು ಅಂದ.

ಅಮ್ಮ: ನಾಲ್ಕನೇದು ಈಗ ನೋಡಿದೆ. ಉಳಿತಾಯ ಮಾಡುವುದು ನಂಬಿಕೆ ಇಲ್ಲದವರ ಕೆಲಸ ಅಂತಿದೆ. ಹಾಗಾದರೆ ನಾನು ತಿಂಗಳು ತಿಂಗಳು ಎತ್ತಿಡುವುದು ತಪ್ಪಾ?

ತಮ್ಮ: ತಪ್ಪಲ್ಲ ಅಮ್ಮ. ಆದಿಕಾಂಡ 41ರಲ್ಲಿ ಯೋಸೇಫ ಏಳು ವರ್ಷ ಬೆಳೆಯ ಐದನೇ ಒಂದು ಭಾಗ ಎತ್ತಿಡಿಸಿದ. ಲೂಕ 12ರಲ್ಲಿ ಯೇಸು ಹೇಳಿದ ಕಥೆಯ ಶ್ರೀಮಂತನೂ ಕಣಜ ಕಟ್ಟಿಸಲು ಹೊರಟ. ಯೋಸೇಫನ ಕಣಜ ಬರಗಾಲದಲ್ಲಿ ಹಸಿದವರಿಗೆ ತೆರೆಯಿತು. ಇವನದು ಇವನೊಬ್ಬನಿಗೇ. ವ್ಯತ್ಯಾಸ ಅಷ್ಟೇ. ಇನ್ನು ಆರನೇ ನಿಯಮ ನೋಡಿ. ‘ಗಳಿಸು, ಉಳಿಸು’ ಅಂತ ಮೆಥೋಡಿಸ್ಟ್ ಬೋಧಕ ಜಾನ್ ವೆಸ್ಲಿ ಹೆಸರು ಹಾಕಿದ್ದಾರೆ. ನಾಲ್ಕರಲ್ಲಿ ಉಳಿಸಬೇಡ, ಆರರಲ್ಲಿ ಉಳಿಸು. 1760ರಲ್ಲಿ ಅಚ್ಚಾದ ಅವರ ಪ್ರಸಂಗದಲ್ಲಿ ಮೂರು ಮಾತಿವೆ. ಆಗುವಷ್ಟು ಗಳಿಸು, ಆಗುವಷ್ಟು ಉಳಿಸು, ಆಗುವಷ್ಟು ಕೊಡು. ಮೂರನೆಯದನ್ನೇ ಕತ್ತರಿಸಿದ್ದಾರೆ.

ಚಿಕ್ಕಪ್ಪ: ಅಣ್ಣ ದಶಮಾಂಶ ತಪ್ಪಿಸಿಲ್ಲ, ಸರಿ. ಮಿಕ್ಕ ಲೆಕ್ಕ?

ಈ ಸಾಲು ಬಂದ ಮೇಲೆ ಅರ್ಧ ಗಂಟೆ ಗುಂಪಿನಲ್ಲಿ ಒಂದೂ ಮಾತಿಲ್ಲ. ವೆಸ್ಲಿ ವಿಷಯ ಅಲ್ಲಿಗೇ ಬಿದ್ದುಹೋಯಿತು. ಚಿಕ್ಕಪ್ಪ ಏನು ಕೇಳುತ್ತಿದ್ದಾರೆ ಅಂತ ನಮಗೆಲ್ಲ ಗೊತ್ತು. ದೊಡ್ಡಪ್ಪ ವ್ಯಾಪಾರ ಶುರು ಮಾಡಿದಾಗ ಅಜ್ಜಿ ಕೈಯಲ್ಲಿದ್ದ ಹಣವನ್ನೆಲ್ಲ ಅವರಿಗೆ ಸಾಲ ಕೊಟ್ಟರು. ಅದು ಚಿಕ್ಕಪ್ಪನ ಓದಿಗೆ ಎತ್ತಿಟ್ಟ ಹಣ. ವ್ಯಾಪಾರ ನಿಂತಿತು. ಚಿಕ್ಕಪ್ಪನ ಓದೂ ನಿಂತಿತು. ಅದರ ಬಗ್ಗೆ ಅಣ್ಣತಮ್ಮ ಎದುರುಬದುರು ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ.

ಅತ್ತೆ: ನಾನು ಒಳ್ಳೆಯದಾಗಲಿ ಅಂತ ಹಾಕಿದೆ. ಜಗಳಕ್ಕಲ್ಲ.

ಅಕ್ಕ (ದೊಡ್ಡಪ್ಪನ ಮಗಳು): ಈಗ ಮೆಸೇಜ್ ನೋಡಿದೆ. ಕಾಣಿಕೆ ಅಂದ್ರೆ ನನಗೆ ಅಜ್ಜಿಯೇ ನೆನಪು. ಆರಾಧನೆಗೆ ಹೊರಡುವಾಗ ನಮ್ಮ ಒಬ್ಬೊಬ್ಬರ ಕೈಗೂ ಒಂದು ನಾಣ್ಯ ಇಟ್ಟು, ಅವರೇ ಬೆರಳು ಮಡಚುತ್ತಿದ್ದರು. ಕಾಣಿಕೆ ಚೀಲ ಬರುವವರೆಗೆ ಮುಷ್ಟಿ ಬಿಚ್ಚುವ ಹಾಗಿಲ್ಲ. ಚೀಲಕ್ಕೆ ಬೀಳುವ ಹೊತ್ತಿಗೆ ನಾಣ್ಯ ಬೆಚ್ಚಗಾಗಿ ಕೈಗೆ ಅಂಟಿರುತ್ತಿತ್ತು.

ಅಮ್ಮ: ನೀನೊಂದು ಸಲ ಹಾಕದೆ ಹಾಗೇ ಮನೆಗೆ ತಂದಿದ್ದೆ.

ಅಕ್ಕ: ಅದು ನಾನಲ್ಲ ಚಿಕ್ಕಮ್ಮ, ನಿಮ್ಮ ಮಗ! ಅಜ್ಜಿಯ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ. ಹುಡುಕಿ ಫೋಟೋ ಹಾಕುತ್ತೇನೆ.

ನಾನು ಸಾಮಾನ್ಯವಾಗಿ ಗುಂಪಿನಲ್ಲಿ ಬರೆಯುವವಳಲ್ಲ. ಅವತ್ತು ಸುಮ್ನೆ ಇರಲು ಆಗಲಿಲ್ಲ. ಈ ವಿಷಯ ನನಗೆ ದೊಡ್ಡದು. ನಾನೂ ಸಾಲದಲ್ಲಿದ್ದವಳು. ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ತೆರೆಯಲು ಹೆದರಿ, ಅದೇ ಭಯದಲ್ಲಿ ಪ್ರಾರ್ಥನೆಗೂ ಕೂರದೆ ಇದ್ದ ದಿನಗಳನ್ನು ಕಂಡವಳು.

ನಾನು: ದೊಡ್ಡಪ್ಪ, ನೀವು ದಶಮಾಂಶ ತಪ್ಪಿಸದ್ದಕ್ಕೆ ನನಗೆ ನಿಜವಾಗಿ ಗೌರವ ಇದೆ. ಆದರೆ ಹತ್ತರಲ್ಲಿ ಒಂದು ದೇವರದು, ಒಂಬತ್ತು ನನ್ನದು ಅಂತ ನಾನು ಎಲ್ಲೂ ಓದಿಲ್ಲ. ಹತ್ತೂ ಅವನದೇ. ನಾವು ಮನೆವಾರ್ತೆಯವರು, ಯಜಮಾನನ ದುಡ್ಡು ನೋಡಿಕೊಳ್ಳುವವರು. ಬಾಡಿಗೆ ಕಟ್ಟುವುದು, ಸಾಲ ತೀರಿಸುವುದು, ಹೆತ್ತವರ ಔಷಧಿ, ಎಲ್ಲ ಆ ಲೆಕ್ಕದಲ್ಲೇ ಬರುತ್ತದೆ. ಮಾರ್ಕ 7ರಲ್ಲಿ ಯೇಸು ಕೊರ್ಬಾನ್, ಅಂದರೆ ದೇವರಿಗೆ ಮೀಸಲಿಟ್ಟ ಕಾಣಿಕೆಯ ವಿಷಯ ಎತ್ತುತ್ತಾನೆ. ತಾಯಿತಂದೆಗೆ ಸಲ್ಲಬೇಕಾದ್ದನ್ನು ‘ದೇವರಿಗೆ ಕೊಟ್ಟಾಯಿತು’ ಅಂತ ಹೇಳಿ ಕೈ ತೊಳೆದುಕೊಂಡವರನ್ನು ಗದರಿಸುತ್ತಾನೆ. ಮತ್ತಾಯ 23:23ರಲ್ಲೂ ಪುದೀನ, ಸಬ್ಬಸಿಗೆ, ಜೀರಿಗೆಯ ಹತ್ತನೇ ಭಾಗ ಎಣಿಸಿ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು. ಅದನ್ನು ಕೊಡಬೇಡಿ ಅನ್ನಲಿಲ್ಲ. ಇದನ್ನೂ ಬಿಡಬೇಡಿ ಅಂದ.

ದೊಡ್ಡಪ್ಪ: ನೀನೂ ಬೋಧನೆ ಶುರು ಮಾಡಿದೆಯಾ ಮಗಳೇ.

ಚಿಕ್ಕಪ್ಪ: ಹೇಳಲಿ ಬಿಡು ಅಣ್ಣ. ಇಷ್ಟು ವರ್ಷ ನೀನು ಹೇಳಿದ್ದನ್ನು ನಾವು ಕೇಳಿಲ್ವಾ?

ದೊಡ್ಡಪ್ಪ: ಆ ವಿಷಯ ಅಮ್ಮ ಇದ್ದಾಗಲೇ ಮುಗಿದಿದೆ.

ಚಿಕ್ಕಪ್ಪ: ಯಾರ ಮುಂದೆ ಮುಗಿಯಿತು?

ಅತ್ತೆ: ನನಗಂತೂ ಅಮ್ಮ ‘ಅವನು ತೀರಿಸಿದ’ ಅಂದಿದ್ದಳು. ಇಬ್ಬರೂ ಸಾಕು ಮಾಡಿ. ಇವತ್ತು ಭಾನುವಾರ.

ಅಷ್ಟರಲ್ಲಿ ಅಕ್ಕನ ಫೋಟೋ ಬಂತು. ಮೇಲಿನ ಜಗಳವನ್ನು ಅವಳು ಓದಿರಲೇ ಇಲ್ಲ.

ಅಕ್ಕ: ಸಿಕ್ತು! ಅಜ್ಜಿಯ ಅಕ್ಷರ ನೋಡಿ ಎಷ್ಟು ಮುದ್ದಾಗಿದೆ 😍

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಗೆರೆ ಇಲ್ಲದ ಹಾಳೆ. ಅಜ್ಜಿಯೇ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡಿದ್ದರು. ಮೊದಲ ಸಾಲು ‘ಕರ್ತನದು’, ಅಂದರೆ ದೇವರದು. ಎರಡನೆಯದು ‘ಬೇರೆಯವರದು’, ಅಂದರೆ ತಾನು ಯಾರಿಗಾದರೂ ಕೊಡಬೇಕಾದದ್ದು. ಆಮೇಲೆ ‘ಮನೆ.’ ತನ್ನ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಹಾಳೆಯ ಬುಡದಲ್ಲಿ ‘ದೊಡ್ಡವನು’ ಅಂತ ಬರೆದು, ಎದುರಿಗೆ ಒಂದು ಮೊತ್ತ. ಅದರ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ‘ತೀರಿತು.’ ತಾರೀಖು ಇಲ್ಲ.

ಚಿಕ್ಕಪ್ಪ: ತೀರಿತು ಅಂತಿದೆ. ನಿಜವಾಗಿ ತೀರಿಸಿದೆಯಾ ಅಣ್ಣ? ಹೌದು ಅಂದರೆ ನಾನು ಇನ್ನು ಯಾವತ್ತೂ ಮಾತೆತ್ತುವುದಿಲ್ಲ.

ಅತ್ತೆ: ನಾನು ಹೇಳಲಿಲ್ವಾ!

ತಮ್ಮ: ತಾರೀಖಿಲ್ಲ. ಹಿಂದಿನ ಹಾಳೆಯದ್ದೂ ಫೋಟೋ ಇದೆಯಾ ಅಕ್ಕ?

ಅಮ್ಮ: ನೀನು ಸುಮ್ನಿರು.

ದೊಡ್ಡಪ್ಪನ ಉತ್ತರ ಬಂದದ್ದು ರಾತ್ರಿ.

ದೊಡ್ಡಪ್ಪ: ತೀರಿಸಿಲ್ಲ. ಒಂದು ಕಾಸೂ ಕೊಟ್ಟಿಲ್ಲ. ಅಮ್ಮ ನನ್ನ ಮರ್ಯಾದೆ ಉಳಿಸಲು ಹಾಗೆ ಬರೆದಳು. ನನ್ನ ಎದುರಿಗೇ ಬರೆದಳು. ಅವತ್ತಿಂದ ಒಂದು ತಿಂಗಳೂ ಕಾಣಿಕೆ ತಪ್ಪಿಸದೆ ಇದ್ದದ್ದು ಅದಕ್ಕೇ ಇರಬೇಕು.

ಯಾರೂ ವಚನ ಹಾಕಲಿಲ್ಲ. ತಮ್ಮ ಕೂಡ.

ದೊಡ್ಡಪ್ಪ: ಚಿಕ್ಕೋನೇ, ನಿನ್ನ ಅಕೌಂಟ್ ನಂಬರ್ ಕಳಿಸು.

ಚಿಕ್ಕಪ್ಪ: ಬೇಡ ಅಣ್ಣ. ದುಡ್ಡು ಬಂದರೆ ನನ್ನ ಓದು ವಾಪಸ್ ಬರುವುದಿಲ್ಲ.

ದೊಡ್ಡಪ್ಪ: ಗೊತ್ತು. ಆದರೂ ಕಳಿಸು.

ಸೋಮವಾರ ಇಡೀ ದಿನ ಚಿಕ್ಕಪ್ಪ ಗುಂಪಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬೆಳಿಗ್ಗೆ ನಂಬರ್ ಕಳಿಸಿದರು. ಜೊತೆಗೆ ಬೇರೆ ಒಂದು ಮಾತೂ ಇರಲಿಲ್ಲ. ಅದರ ಕೆಳಗೆ ಅಕ್ಕ ಬರೆದಳು.

ಅಕ್ಕ: ಅಜ್ಜಿಯ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆ ಇವೆ. ಕಂತು ಕೊಟ್ಟ ಹಾಗೆಲ್ಲ ಬರೆದಿಡಲಾ ಅಪ್ಪ?

ದೊಡ್ಡಪ್ಪ: ಬರಿ. ತಾರೀಖು ಹಾಕಿ ಬರಿ.