ಹಿಂಡಿಟ್ಟ ಎದೆಹಾಲು: ಅಂದಿನದನ್ನೇ ಕೊಡಬೇಕೋ, ಫ್ರೀಜರಿನದನ್ನು ಕೊಡಬಹುದೋ?

ಪ್ರಶ್ನೆ: ತುಮಕೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಮನೆ ಮಾಡಿಕೊಂಡು, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಕೆಲಸ ಮಾಡುವವಳು. ಹೆರಿಗೆ ರಜೆಯ 26 ವಾರಗಳಲ್ಲಿ ನಾಲ್ಕು ವಾರ ಹೆರಿಗೆಗೆ ಮೊದಲೇ ಕಳೆದವು. ಹೀಗಾಗಿ ಮಗಳಿಗೆ ಐದು ತಿಂಗಳು ತುಂಬುತ್ತಿದ್ದಂತೆಯೇ ನಾನು ಕೆಲಸಕ್ಕೆ ಹಾಜರಾಗಬೇಕು. ಇನ್ನು ಹದಿನೆಂಟು ದಿನ ಉಳಿದಿವೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮತ್ತೆ ಮಗುವಿನ ಮುಖ ನೋಡುವುದು ಸಂಜೆ ಏಳಕ್ಕೆ. ಆ ಹನ್ನೆರಡು ಗಂಟೆ ಮಗು ನಮ್ಮ ಅತ್ತೆಯವರ ಮಡಿಲಲ್ಲಿ ಇರುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲನ್ನಲ್ಲದೆ ಬೇರೇನನ್ನೂ ಕೊಡಬಾರದೆಂಬುದು ನನ್ನ ಆಸೆ.

ಅದಕ್ಕಾಗಿಯೇ ಕಳೆದ ಒಂದು ತಿಂಗಳಿಂದ ಪಂಪಿನಲ್ಲಿ ಹಾಲು ತೆಗೆದು, ಒಂದೊಂದರಲ್ಲಿ 100 ಮಿಲಿಲೀಟರಿನಂತೆ 32 ಪೊಟ್ಟಣಗಳನ್ನು ಎರಡು ಬಾಗಿಲಿನ ಫ್ರಿಜ್‌ನ ಫ್ರೀಜರಿನಲ್ಲಿ ಕೂಡಿಟ್ಟಿದ್ದೇನೆ. ಅತ್ತೆಯವರು ನನ್ನ ಮೇಲೆ ಕೋಪದಿಂದಲ್ಲ, ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ, "ಇದು ತಂಗಳು ಹಾಲಮ್ಮ, ಕೂಸಿಗೆ ಶೀತವಾಗುತ್ತದೆ" ಎನ್ನುತ್ತಾರೆ. ಹೋದ ಭಾನುವಾರ ಒಂದು ಪೊಟ್ಟಣ ಕರಗಿಸಿ ನೋಡಿದೆವು. ಬಟ್ಟೆ ಸೋಪು ಕದಡಿದ ನೀರಿನ ವಾಸನೆ ಬರುತ್ತಿತ್ತು. ಮಗಳು ಎರಡು ಗುಟುಕು ಕುಡಿದು, ತುಟಿ ಬಿಗಿಹಿಡಿದು, ಮುಖವನ್ನು ಆ ಕಡೆಗೆ ತಿರುಗಿಸಿಬಿಟ್ಟಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಹಾಲು ಕೆಟ್ಟುಹೋಗಿದೆಯೇ? ಉಳಿದ 31 ಪೊಟ್ಟಣಗಳನ್ನೂ ಚೆಲ್ಲಬೇಕೇ? ಹೆಪ್ಪುಗಟ್ಟಿಸಿದ ಹಾಲಿನಲ್ಲಿ ಸತ್ವ ಎಷ್ಟು ಉಳಿಯುತ್ತದೆ? ಕೆಲಸಕ್ಕೆ ಹೋಗಲು ಆರಂಭಿಸಿದ ಮೇಲೆ ಯಾವ ಹಾಲನ್ನು ಯಾವಾಗ ಕೊಡಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಕೋಲಾರದ ಶುಶ್ರೂಷಕಿ

ತಂಗಿ, ಮೊದಲು ಆ ಪೊಟ್ಟಣಗಳನ್ನು ಚೆಲ್ಲುವ ಯೋಚನೆಯನ್ನು ಬಿಡಿ. ನಾನು ಹಲವು ವರ್ಷಗಳಿಂದ ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಸೋಪಿನ ವಾಸನೆಯ ದೂರನ್ನು ಎಷ್ಟೋ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ಎದೆಹಾಲಿನಲ್ಲಿ ಲೈಪೇಸ್ ಎಂಬ ಕಿಣ್ವವಿರುತ್ತದೆ. ಹಾಲಿನ ಕೊಬ್ಬನ್ನು ಒಡೆದು ಮಗುವಿಗೆ ಸುಲಭವಾಗಿ ಜೀರ್ಣವಾಗುವಂತೆ ಮಾಡುವುದೇ ಅದರ ಕೆಲಸ. ಕೆಲವು ತಾಯಂದಿರ ಹಾಲಿನಲ್ಲಿ ಅದು ಚುರುಕಾಗಿರುತ್ತದೆ, ಹಾಲನ್ನು ತೆಗೆದಿಟ್ಟ ಮೇಲೂ ಕೊಬ್ಬನ್ನು ಒಡೆಯುತ್ತಲೇ ಇರುತ್ತದೆ, ಫ್ರೀಜರಿನ ಚಳಿಯಲ್ಲಿಯೂ ಪೂರ್ತಿ ನಿಲ್ಲುವುದಿಲ್ಲ. ಹೀಗೆ ಬಿಡುಗಡೆಯಾದ ಕೊಬ್ಬಿನ ಆಮ್ಲಗಳಿಂದಲೇ ಆ ವಾಸನೆ ಬರುವುದು. ಹಾಲು ಕೆಟ್ಟಿಲ್ಲ, ಕುಡಿದರೆ ಮಗುವಿಗೆ ತೊಂದರೆಯೂ ಇಲ್ಲ. ಆದರೆ ಮಗುವಿನ ನಾಲಿಗೆ ಒಪ್ಪಬೇಕಲ್ಲ, ಅದೇ ಕಷ್ಟ. ಹುಳಿ ನಾತ ಬಂದರೆ ಮಾತ್ರ ಅದು ಬೇರೆ ವಿಷಯ, ಅಂಥದನ್ನು ಕೊಡಬೇಡಿ.

ಇದಕ್ಕೆ ಪರೀಕ್ಷೆಯೊಂದಿದೆ. ಇವತ್ತು ತೆಗೆದ ಹಾಲಿನಲ್ಲಿ ಸ್ವಲ್ಪವನ್ನು ಫ್ರಿಜ್‌ನಲ್ಲಿಟ್ಟು, 24 ಗಂಟೆಗೊಮ್ಮೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಎಷ್ಟನೆಯ ದಿನ ರುಚಿ ತಿರುಗುತ್ತದೆಂದು ಗೊತ್ತಾದರೆ ನಿಮ್ಮ ಮುಂದಿನ ಲೆಕ್ಕವೆಲ್ಲ ಸಲೀಸು. ಇನ್ನು ಮುಂದೆ ಫ್ರೀಜರಿಗೆ ಹಾಕುವ ಹಾಲನ್ನು, ತೆಗೆದ ಕೂಡಲೇ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವಷ್ಟು ಮಾತ್ರ ಬಿಸಿ ಮಾಡಿ ಒಲೆಯಿಂದ ಇಳಿಸಿ, ಕುದಿಯಲು ಬಿಡಬೇಡಿ. ಆಮೇಲೆ ಆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ ಹೆಪ್ಪುಗಟ್ಟಿಸಿ. ಲೈಪೇಸ್ ಅಲ್ಲಿಗೆ ನಿಲ್ಲುತ್ತದೆ. ಬಿಸಿ ಮಾಡಿದಾಗ ರೋಗನಿರೋಧಕ ಅಂಶಗಳೂ ಒಂದಿಷ್ಟು ಹಾಳಾಗುವುದರಿಂದ, ಮರುದಿನವೇ ಕೊಡುವ ಹಾಲಿಗೆ ಈ ಕೆಲಸ ಬೇಡ. ಈಗಾಗಲೇ ವಾಸನೆ ಬಂದಿರುವ ಪೊಟ್ಟಣಗಳಿಗೆ ಬಿಸಿ ಮಾಡಿದರೂ ಪ್ರಯೋಜನವಿಲ್ಲ. ಅವುಗಳನ್ನು ಕರಗಿಸಿ, ಹೊಸ ಹಾಲಿನೊಂದಿಗೆ ಬೆರೆಸಿ ಕೊಟ್ಟು ನೋಡಿ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಗೆ ಬೆರೆಸಬಹುದು.

ಇನ್ನು ಸತ್ವದ ಮಾತು. ಎದೆಯಿಂದ ನೇರವಾಗಿ ಕುಡಿಯುವುದು ಎಲ್ಲಕ್ಕಿಂತ ಮೇಲು. ಅದಾದ ಮೇಲೆ ಆಗತಾನೆ ಹಿಂಡಿದ ಹಾಲು, ನಂತರ ಫ್ರಿಜ್‌ನಲ್ಲಿಟ್ಟದ್ದು, ಕೊನೆಗೆ ಹೆಪ್ಪುಗಟ್ಟಿಸಿದ್ದು. ಹಾಲು ಹೆಪ್ಪುಗಟ್ಟಿದಾಗ ಅದರಲ್ಲಿರುವ ಜೀವಂತ ಬಿಳಿರಕ್ತಕಣಗಳು ಸಾಯುತ್ತವೆ. ತಿಂಗಳುಗಳು ಕಳೆದಂತೆ ಸಿ ಜೀವಸತ್ವವೂ ಸ್ವಲ್ಪ ಕೊಬ್ಬೂ ಕಡಿಮೆಯಾಗುತ್ತವೆ. ಆದರೆ ಮಗುವಿನ ಕರುಳನ್ನು ಕಾಯುವ ಪ್ರತಿಕಾಯಗಳು ಬಹುಪಾಲು ಉಳಿಯುತ್ತವೆ. ಇನ್ನೊಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲ: ತಾಯಿಯ ಹಾಲು ಮಗುವಿನ ವಯಸ್ಸಿಗೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ, ಮನೆಯಲ್ಲಿ ಈ ವಾರ ಯಾವ ಸೋಂಕು ಓಡಾಡುತ್ತಿದೆಯೋ ಅದಕ್ಕೆ ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳೂ ಅದರಲ್ಲಿ ಬಂದು ಸೇರುತ್ತವೆ. ಎರಡು ತಿಂಗಳ ಹಿಂದಿನ ಪೊಟ್ಟಣದಲ್ಲಿ ಈ ವಾರದ ರಕ್ಷಣೆ ಇರುವುದಿಲ್ಲ. ಇಷ್ಟು ಹೇಳಿದ ಮಾತ್ರಕ್ಕೆ ಫ್ರೀಜರಿನ ಹಾಲು ಕಳಪೆಯೆಂದು ತಿಳಿಯಬೇಡಿ; ಪುಡಿ ಹಾಲಿನ ಪಕ್ಕದಲ್ಲಿಟ್ಟರೆ ಅದು ಎಷ್ಟೋ ಮೇಲು.

ಆದ್ದರಿಂದ ನಿಮ್ಮ ದಿನಚರಿ ಹೀಗಿರಲಿ: ಇಂದು ಕಚೇರಿಯಲ್ಲಿ ಹಿಂಡಿ ತಂದದ್ದು ನಾಳೆ ಮಗುವಿಗೆ. ಶುಕ್ರವಾರದ ಹಾಲು ಫ್ರಿಜ್‌ನಲ್ಲೇ ಇದ್ದು ಸೋಮವಾರಕ್ಕೆ ಸಲ್ಲುತ್ತದೆ, ಏಕೆಂದರೆ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಫ್ರೀಜರಿನ ಪೊಟ್ಟಣಗಳು ಆಪದ್ಧನದಂತೆ ಇರಲಿ. ರೈಲು ತಡವಾದ ದಿನ, ನಿಮಗೆ ಹಾಲು ಕಡಿಮೆಯಾದ ದಿನ ತೆಗೆಯಿರಿ. ಆರು ತಿಂಗಳೊಳಗೆ ಬಳಸಿದರೆ ಒಳ್ಳೆಯದು. ಹೊರಗೆ, 25 ಡಿಗ್ರಿಯೊಳಗಿನ ಕೋಣೆಯಲ್ಲಿ, ಆಗತಾನೆ ತೆಗೆದ ಹಾಲು ನಾಲ್ಕು ಗಂಟೆ ಇರುತ್ತದೆ. ನಮ್ಮ ಕೋಲಾರದಲ್ಲಾಗಲಿ ನಿಮ್ಮ ತುಮಕೂರಿನಲ್ಲಾಗಲಿ ಏಪ್ರಿಲ್ ತಿಂಗಳಲ್ಲಿ ಮನೆಯೊಳಗೆ 25 ಡಿಗ್ರಿ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಆ ನಾಲ್ಕು ಗಂಟೆಯನ್ನು ನಂಬದೆ ಕೂಡಲೇ ಫ್ರಿಜ್‌ಗೆ ಇಡಿ.

ನಿಮ್ಮ ಅತ್ತೆಯವರ ಮಾತನ್ನೂ ಹಗುರವಾಗಿ ಕಾಣಬೇಡಿ. ತಂಗಳನ್ನು ಕೂಸಿಗೆ ಕೊಡಬಾರದೆಂಬ ಎಚ್ಚರ ಒಳ್ಳೆಯದೇ. ಆದರೆ ಅನ್ನ ತಂಗಳಾಗುವುದು ಬೆಚ್ಚಗಿನ ಜಾಗದಲ್ಲಿ ಸೂಕ್ಷ್ಮಾಣುಗಳು ಬೆಳೆಯುವುದರಿಂದ. ಫ್ರೀಜರಿನಲ್ಲಿ ಆ ಬೆಳವಣಿಗೆ ನಿಂತಿರುತ್ತದೆ. ನೆಗಡಿ ಬರುವುದು ವೈರಾಣುವಿನಿಂದ, ಹಾಲಿನ ತಂಪಿನಿಂದಲ್ಲ. ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಅವರಿಗೂ ಸಮಾಧಾನ, ಮಗುವಿಗೂ ಹಿತ.

ನಾನು ಹೇಳಿದ್ದೆಲ್ಲ ದಿನ ತುಂಬಿ ಹುಟ್ಟಿ ಆರೋಗ್ಯವಾಗಿರುವ ಮಗುವಿನ ಲೆಕ್ಕ. ದಿನ ತುಂಬದೆ ಹುಟ್ಟಿದ ಮಕ್ಕಳ ತಾಯಂದಿರು ಇದನ್ನು ಓದುತ್ತಿದ್ದರೆ, ನಿಮ್ಮ ವೈದ್ಯರು ಹೇಳಿದ ಗಡುವನ್ನೇ ಪಾಲಿಸಿ.

ಉತ್ತರ: ಗೌರಿಬಿದನೂರಿನ ಶಿಕ್ಷಕಿ

ಮೇಲಿನ ಅಕ್ಕನವರು ವಿವರವಾಗಿ ಬರೆದಿದ್ದಾರೆ. ನಾನು ಕರೆಂಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲಿಯೇ. ಮಗ ನಾಲ್ಕು ತಿಂಗಳಿನವನಿದ್ದಾಗ ತವರುಮನೆಗೆ ಹೋಗಿ ಮೂರು ದಿನ ಇದ್ದು ಬಂದೆ. ಬಂದು ಫ್ರೀಜರ್ ತೆರೆದರೆ, ಸಾಲಾಗಿ ನಿಲ್ಲಿಸಿ ಹೋಗಿದ್ದ ಪೊಟ್ಟಣಗಳೆಲ್ಲ ಒಂದರ ಮೇಲೊಂದು ವಾಲಿ, ಒಂದೇ ಗಡ್ಡೆಯಾಗಿ ಅಂಟಿಕೊಂಡು ಗಟ್ಟಿಯಾಗಿದ್ದವು. ಅಂದರೆ ನಾವಿಲ್ಲದಾಗ ಕರೆಂಟು ಹೋಗಿ, ಹಾಲೆಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿತ್ತು. ನಿದ್ದೆಗೆಟ್ಟು ಕೂಡಿಟ್ಟ ಹಾಲನ್ನು ಸಿಂಕಿಗೆ ಸುರಿಯುವಾಗ ನಾನು ಅತ್ತೇಬಿಟ್ಟೆ.

ಅಂದಿನಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು ಫ್ರೀಜರಿನಲ್ಲಿ ಇಡುತ್ತಿದ್ದೆ. ಊರಿನಿಂದ ಬಂದಾಗ ನಾಣ್ಯ ಮೇಲೆಯೇ ಇದ್ದರೆ ನಿಶ್ಚಿಂತೆ. ತಳದಲ್ಲಿದ್ದರೆ ಮಂಜುಗಡ್ಡೆ ಕರಗಿತ್ತೆಂದು ಅರ್ಥ. ಕರೆಂಟು ಹೋದಾಗ ಬಾಗಿಲು ತೆರೆಯದಿರುವುದೇ ದೊಡ್ಡ ಉಪಾಯ. ಫ್ರೀಜರಿನಲ್ಲಿ ಖಾಲಿ ಜಾಗವಿದ್ದರೆ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ತುಂಬಿಸಿ, ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಪೊಟ್ಟಣದೊಳಗೆ ಇನ್ನೂ ಮಂಜಿನ ಹರಳುಗಳಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿ ಇನ್ನೂ ತಣ್ಣಗಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು. ಒಂದೇ ಬಾಗಿಲಿನ ಫ್ರಿಜ್‌ನ ಒಳಗಿರುವ ಐಸ್ ಡಬ್ಬಿಯನ್ನು ಫ್ರೀಜರ್ ಎಂದು ನಂಬಬೇಡಿ. ಅದರಲ್ಲಿ ಎರಡು ವಾರಕ್ಕಿಂತ ಹೆಚ್ಚು ಇಡದಿರುವುದು ಕ್ಷೇಮ.

ಕಚೇರಿಯ ವಿಷಯಕ್ಕೂ ಒಂದು ಮಾತು. ಹೆರಿಗೆ ಸೌಲಭ್ಯದ ಕಾನೂನಿನಂತೆ, ಮಗುವಿಗೆ 15 ತಿಂಗಳು ತುಂಬುವವರೆಗೆ ಊಟದ ಬಿಡುವಲ್ಲದೆ ಇನ್ನೆರಡು ಬಿಡುವುಗಳನ್ನು ತಾಯಿಗೆ ಕೊಡಬೇಕು. ಹಾಲು ಹಿಂಡಲು ಆ ಹೊತ್ತನ್ನೇ ಕೇಳಿ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯನ್ನೂ ಕೇಳಿ. ಶೌಚಾಲಯದಲ್ಲಿ ಹಿಂಡಿಕೊಳ್ಳಿ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಕೂಸು ಕುಡಿಯುವ ಹಾಲು ಅದು.

ಪ್ರಶ್ನಿಸಿದವರು: ತುಮಕೂರಿನ ತಾಯಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಅಕ್ಕ ಹೇಳಿದ ಪರೀಕ್ಷೆ ಮಾಡಿದೆ. 24 ಗಂಟೆಗೆ ಏನೂ ವ್ಯತ್ಯಾಸವಿರಲಿಲ್ಲ. 48 ಗಂಟೆಗೆ ಸ್ವಲ್ಪ ವಾಸನೆ, ಆದರೂ ಮಗಳು ಕುಡಿದಳು. ಮೂರನೆಯ ದಿನದ್ದನ್ನು ಮುಟ್ಟಲಿಲ್ಲ. ಹಾಗಾದರೆ ಶುಕ್ರವಾರದ ಹಾಲು ನನ್ನ ಮಗಳಿಗೆ ಸೋಮವಾರಕ್ಕೆ ಆಗದು. ಶನಿವಾರ, ಭಾನುವಾರ ನಾನೇ ಮನೆಯಲ್ಲಿರುವುದರಿಂದ ಆ ಹಾಲನ್ನು ಶುಕ್ರವಾರವೇ ಬಿಸಿ ಮಾಡಿ ಫ್ರೀಜರಿಗೆ ಹಾಕಿ, ಭಾನುವಾರ ಹಿಂಡಿದ್ದನ್ನು ಸೋಮವಾರಕ್ಕೆ ಇಡಬಹುದೇ? ಹನ್ನೆರಡು ಗಂಟೆಗೆ ಎಷ್ಟು ಹಾಲು ಬೇಕು? ಬಾಟಲಿ ಕೊಟ್ಟರೆ ಎದೆಯನ್ನು ಬಿಟ್ಟುಬಿಡುತ್ತಾಳೇನೋ ಎಂಬ ಭಯವೂ ಇದೆ.

ಉತ್ತರ: ಮಾಲೂರಿನ ಅಜ್ಜಿ

ಮಗಳೇ, ನಾನು ನಿನ್ನ ಅತ್ತೆಯ ಜಾಗದಲ್ಲಿ ಇದ್ದವಳು, ಆದ್ದರಿಂದ ಬರೆಯಬೇಕೆನಿಸಿತು. ನಮ್ಮ ಸೊಸೆ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾಳೆ. ಮೊಮ್ಮಗನಿಗೆ ಅವಳು ಹಿಂಡಿಟ್ಟ ಹಾಲನ್ನು ಏಳು ತಿಂಗಳು ಕುಡಿಸಿದವಳು ನಾನೇ. ಮೊದಲ ದಿನ ಫ್ರಿಜ್‌ನಿಂದ ತೆಗೆದಾಗ, ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತಿಳಿ ನೀರು ಕಂಡು, ಹಾಲು ಒಡೆದುಹೋಯಿತೆಂದು ಎದೆ ಧಸಕ್ಕೆಂದಿತು. ಸೊಸೆಗೆ ಫೋನ್ ಮಾಡಿದೆ. "ಅತ್ತೆ, ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ" ಎಂದಳು. ತಿರುಗಿಸಿದೆ; ಕೆನೆ ಬೆರೆತು ಮೊದಲಿನ ಹಾಲೇ ಆಯಿತು. ಆ ಹೊತ್ತಿನಿಂದ ನನ್ನ ಅನುಮಾನ ಹೋಯಿತು. ನಿನ್ನ ಅತ್ತೆಯವರ ಕೈಯಲ್ಲೇ ಒಮ್ಮೆ ಇದನ್ನು ಮಾಡಿಸು, ನೀನು ನೂರು ಮಾತು ಹೇಳುವ ಅಗತ್ಯ ಬೀಳುವುದಿಲ್ಲ.

ಬಾಟಲಿಯ ಭಯವಿದ್ದರೆ ಒಳಲೆ ಇದೆಯಲ್ಲ. ನಮ್ಮ ಕಾಲದ್ದೆಂದು ಬಿಡಬೇಡ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರವಾಗಿರುವಂತೆ ಅರ್ಧ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಅದು ತಾನಾಗಿ ನುಂಗಿದ ಮೇಲೆಯೇ ಮುಂದಿನ ಗುಟುಕು. ಒತ್ತಾಯದಿಂದ ಸುರಿದರೆ ನೆತ್ತಿಗೇರುತ್ತದೆ. ಐದು ತಿಂಗಳ ಮಗುವಾದರೆ ಪುಟ್ಟ ಲೋಟದ ಅಂಚಿನಿಂದಲೂ ಹೀರುತ್ತದೆ. ಪ್ರತಿ ಸಲ ಸೋಪಿನಲ್ಲಿ ತೊಳೆದು, ನೀರಿನಲ್ಲಿ ಹಾಕಿ ಕುದಿಸಿ ಇಟ್ಟುಕೊಳ್ಳಬೇಕು. ಬಾಟಲಿಯ ಮೂಲೆಗಳಿಗಿಂತ ಒಳಲೆಯನ್ನು ಶುಚಿಮಾಡುವುದು ಸುಲಭ.

ಬೆಚ್ಚಗೆ ಮಾಡುವುದು ಬಿಸಿನೀರಿನ ಬೋಗುಣಿಯಲ್ಲಿ ಮಾತ್ರ. ನೇರವಾಗಿ ಒಲೆಯ ಮೇಲೆ ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಕಾದಿರುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಂಡು ನೋಡಿಯೇ ಕುಡಿಸಬೇಕು.

ಉತ್ತರ: ಕೋಲಾರದ ಶುಶ್ರೂಷಕಿ

ಅಮ್ಮನವರು ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪವೇ ಇದೆ. ನಿಮ್ಮ ಯೋಜನೆ ಸರಿಯಾಗಿದೆ ತಂಗಿ, ಹಾಗೆಯೇ ಮಾಡಿ. ಗಂಟೆಗೆ 25ರಿಂದ 30 ಮಿಲಿಲೀಟರ್ ಎಂದು ಹಿಡಿದರೆ ಹನ್ನೆರಡು ಗಂಟೆಗೆ 300ರಿಂದ 360 ಮಿಲಿಲೀಟರ್ ಆಗುತ್ತದೆ. ಅದನ್ನು 60, 90 ಮಿಲಿಲೀಟರಿನ ಪಾಲುಗಳಾಗಿ ಬೇರೆ ಬೇರೆ ಡಬ್ಬಿಗಳಲ್ಲಿಡಿ. ಮಗು ಬಾಯಿಟ್ಟು ಉಳಿಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಸಣ್ಣ ಪಾಲಾದರೆ ಚೆಲ್ಲುವುದೂ ಕಡಿಮೆ. ಪೊಟ್ಟಣವನ್ನು ಬಾಯಿಮಟ್ಟ ತುಂಬಿಸಬೇಡಿ, ಹೆಪ್ಪುಗಟ್ಟುವಾಗ ಹಾಲು ಉಬ್ಬುತ್ತದೆ. ಆಗತಾನೆ ತೆಗೆದ ಬೆಚ್ಚಗಿನ ಹಾಲನ್ನು ತಣ್ಣಗಿರುವ ಹಾಲಿಗೆ ನೇರವಾಗಿ ಸುರಿಯದೆ, ಮೊದಲು ಅದನ್ನೂ ತಣಿಸಿಕೊಂಡು ಸೇರಿಸಿ.

ರೈಲಿನಲ್ಲಿ ತರುವಾಗ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ತಂಪು ಚೀಲದಲ್ಲಿಟ್ಟರೆ 24 ಗಂಟೆಯವರೆಗೂ ಸುರಕ್ಷಿತ, ನಿಮ್ಮ ಪ್ರಯಾಣಕ್ಕೆ ಅದು ಧಾರಾಳವಾಯಿತು. ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ ಹಿಂಡಿ. ಬಿಟ್ಟುಬಿಟ್ಟರೆ ಎದೆ ಕಟ್ಟಿಕೊಂಡು ನೋವಾಗುತ್ತದೆ, ಹಾಲೂ ಇಳಿಯುತ್ತದೆ.

ಪ್ರಶ್ನಿಸಿದವರು: ತುಮಕೂರಿನ ತಾಯಿ

ಅಜ್ಜಿಯವರ ಮಾತಿನಂತೆ ಇವತ್ತು ಅತ್ತೆಯವರ ಕೈಗೇ ಡಬ್ಬಿ ಕೊಟ್ಟೆ. ತಿರುಗಿಸಿ, ಕೆನೆ ಬೆರೆತದ್ದನ್ನು ನೋಡಿ, ಏನೂ ಹೇಳದೆ ಒಳಕ್ಕೆ ಹೋಗಿ, ನನ್ನ ಯಜಮಾನರಿಗೆ ಹಾಲುಣಿಸಿದ್ದ ಹಳೆಯ ಬೆಳ್ಳಿ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು ತಂದರು. ಕುದಿಸಿ, ಆರಿಸಿ, ನಿನ್ನೆ ಹಿಂಡಿದ ಹಾಲನ್ನು ಅದರಲ್ಲಿ ತಾವೇ ಕುಡಿಸಿದರು. ನಾನು ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಮಗಳು 60 ಮಿಲಿಲೀಟರನ್ನೂ ಕುಡಿದು ತೇಗಿದಳು.