ಮಧ್ಯಾಹ್ನದ ಬಿಸಿಲಲ್ಲಿ ಮದುವೆ ಕುದುರೆ, ತಪ್ಪು ಯಾರದು?

ಕೌಲ್‌ಬಜಾರ್ ಹುಡುಗ:
ನಿನ್ನೆ ಬಳ್ಳಾರಿಯಲ್ಲಿ ಗೆಳೆಯನ ಮದುವೆ. ಮಧ್ಯಾಹ್ನ ಹನ್ನೆರಡೂವರೆಗೆ ಮೆರವಣಿಗೆ, ಮುಂದೆ ಡಿಜೆ, ಹಿಂದೆ ಕುದುರೆ ಮೇಲೆ ಮದುಮಗ. ಕಾದ ಡಾಂಬರಿನ ಮೇಲೆ ಕುದುರೆ ಒಂದು ಹಿಂಗಾಲನ್ನು ಊರಲಾಗದೆ ಎತ್ತಿ ಎತ್ತಿ ಇಡುತ್ತಿತ್ತು. ಲಗಾಮು ಉಜ್ಜಿ ಬಾಯಿಯ ಅಂಚು ಕೆಂಪಾಗಿತ್ತು. ಅದು ಕಾಣದಂತೆ ಜರಿ ಹೂವು ಬೇರೆ ಕಟ್ಟಿದ್ದರು. ಸಾಕೋಕೆ ಆಗದಿದ್ರೆ ಮಾರಲಿ!

ಗಂಗಾವತಿ ಗಿರಿ:
ಕುದುರೆ ಕಂಡರೆ ಕಾಲುನೋವು ಅಂತಾರೆ, ಇಲ್ಲಿ ಕಾಲುನೋವು ಕುದುರೆಗೇ. ಆದ್ರೆ ಅಣ್ಣ, ಮಾರಿದರೆ ಕೊಂಡವನೂ ಮೆರವಣಿಗೆಗೇ ತರುತ್ತಾನೆ ಅಲ್ವಾ? ನಿಯಮ 1965ರಿಂದಲೇ ಇದೆ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ಗಾಡಿಗೆ ಕಟ್ಟಬಾರದು, ಹೊರೆ ಹೊರಿಸಬಾರದು. ದಿನಕ್ಕೆ ಒಟ್ಟು 9 ಗಂಟೆ ಮೀರಬಾರದು. ನಮ್ಮ ಕಡೆ ಏಪ್ರಿಲ್ ಅಂದ್ರೆ 40 ಮಾಮೂಲು. ಇನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ ದುಡ್ಡು!

ಟಾಂಗಾ ಮನೆಯವ:
ಕುಂಟುವ ಕುದುರೆ ತಂದದ್ದು ತಪ್ಪೇ. ನಮ್ಮಪ್ಪ ಇದ್ದಿದ್ರೆ ಬಾರಿಸುತ್ತಿದ್ದ. ಆದ್ರೆ ನಮ್ಮ ಕಡೆಯದೂ ಕೇಳಿ. ಅಜ್ಜ ಟಾಂಗಾ ಹೊಡೆಯುತ್ತಿದ್ದರು, ಆಟೋ ಬಂದ ಮೇಲೆ ಉಳಿದದ್ದು ಮದುವೆ ಮಾತ್ರ. ಸೀಸನ್ ಮೂರು ತಿಂಗಳು, ಹೊಟ್ಟೆ ಹನ್ನೆರಡು ತಿಂಗಳು. ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕು, ಲಾಳ ಕಟ್ಟುವವರು ಸಿಗೋದೇ ಕಷ್ಟ. ಬೆಳಿಗ್ಗೆ ಒಂಬತ್ತಕ್ಕೆ ಬಾ ಅಂತಾರೆ, ಮದುಮಗ ಹತ್ತೋದು ಹನ್ನೆರಡಕ್ಕೆ. ಒಂದು ಬಕೆಟ್ ನೀರು ಕೇಳಿದ್ರೆ 'ಆಮೇಲೆ ನೋಡೋಣ'. ನೆರಳಿಗೆ ಒಯ್ದರೆ ದುಡ್ಡು ಮುರೀತಾರೆ.

ಸಿಂಧನೂರು ಸುಮಾ:
ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಪ್ರೀತಿಯಿಂದಲೇ ಕೊಲ್ಲೋರೂ ಇದ್ದಾರೆ. ಕುದುರೆ ಆಕಳಲ್ಲ, ಮೆಲುಕು ಹಾಕಲ್ಲ, ವಾಂತಿ ಮಾಡೋಕೂ ಬರಲ್ಲ. ಮದುವೆಮನೆಯಲ್ಲಿ ಉಳಿದ ಅನ್ನ, ಹೋಳಿಗೆ ಬುಟ್ಟಿಗಟ್ಟಲೆ ಸುರಿದ್ರೆ ಹೊಟ್ಟೆನೋವು ಶುರು. ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತೆ, ಬೆವರುತ್ತೆ, ಬಿದ್ದು ಹೊರಳಾಡುತ್ತೆ. ಆಗ ಒಂದೊಂದು ಗಂಟೆಯೂ ಮುಖ್ಯ, ಇವರು ಬರೋದು ಮರುದಿನ. ಇನ್ನೊಂದು, ಕುದುರೆ 25 ವರ್ಷದವರೆಗೂ ಬದುಕುತ್ತೆ. ದುಡಿಮೆ ಮುಗಿದ ಮೇಲೆ ರಾತ್ರೋರಾತ್ರಿ ಬೈಪಾಸ್‌ನಲ್ಲಿ ಬಿಟ್ಟು ಹೋಗ್ತಾರಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

ಟಾಂಗಾ ಮನೆಯವ:
ಅಕ್ಕಾ, ನಮ್ಮ ಮುದಿ ಕುದುರೆ ಮನೆ ಹಿಂದೆ ಬೇವಿನ ಮರದ ಕೆಳಗಿದೆ. ಹಲ್ಲು ಸವೆದಿವೆ, ಅವ್ವ ಹುರುಳಿ ಬೇಯಿಸಿ ಹಿಚುಕಿ ಕೊಡುತ್ತಾಳೆ. ಆ ಹುರುಳಿ ದುಡ್ಡನ್ನೂ ಎಳೆ ಕುದುರೆಯೇ ದುಡಿಯಬೇಕು, ಇದೇ ಬಿಸಿಲಲ್ಲಿ. ಈಗ ಯಾವುದನ್ನು ಮಾರಲಿ ಹೇಳಿ.

ಕೌಲ್‌ಬಜಾರ್ ಹುಡುಗ:
ಮಾರಲಿ ಅಂದದ್ದು ಅವಸರದ ಮಾತು. ಆದ್ರೂ ಆ ಬಾಯಿಯ ಗಾಯಕ್ಕೆ ನೆಪ ಇಲ್ಲ.

ಟಾಂಗಾ ಮನೆಯವ:
ಇಲ್ಲ, ಒಪ್ಪಿದೆ.

ಗಂಗಾವತಿ ಗಿರಿ:
ಕೌಲ್‌ಬಜಾರ್ ಅಣ್ಣ, ಮೇ ತಿಂಗಳಲ್ಲಿ ನಿಮ್ಮ ತಮ್ಮನದೂ ಮದುವೆ ಅಂದಿದ್ರಿ. ಮೆರವಣಿಗೆ ಎಷ್ಟು ಗಂಟೆಗೆ?

ಕೌಲ್‌ಬಜಾರ್ ಹುಡುಗ:
ಹನ್ನೊಂದೂವರೆಗೆ. ಕುದುರೆಗೆ ಅಡ್ವಾನ್ಸೂ ಕೊಟ್ಟಾಗಿದೆ. ಸಂಜೆ ಅಪ್ಪನ ಹತ್ರ ಮಾತಾಡ್ತೀನಿ.